ಡಾ. ಲೆಸ್ಲಿ ಕೋಲ್ಮನ್

ಅರಸೀಕೆರೆಯ ತೆಂಗಿನ ತೋಟಗಳನ್ನು ಬಿಟ್ಟು ಹಳೇಬೀಡು, ಬೇಲೂರುಗಳ ಮಾರ್ಗವಾಗಿ ಪಶ್ಚಿಮಕ್ಕೆ ಸಾಗಿದಂತೆ ಮಳೆ ಹೆಚ್ಚುತ್ತದೆ. ಮಲೆನಾಡಿನ ಅಡಿಕೆ ತೋಟಗಳು ಕಾಣತೊಡಗುತ್ತವೆ. ಮಳೆಯೇ ಈ ತೋಟಗಳ ಜೀವಾಳ; ಅವುಗಳ ಶತ್ರುವಾದ ಕೊಳೆರೋಗಕ್ಕೂ ಮಳೆಯೇ ಆಸರೆ. ರೋಗ ತಗುಲಿದ ಎಳೆಯ ಕಾಯಿಗಳು ಕೊಳೆತು ಉದುರುತ್ತವೆ; ವರ್ಷದ ಫಸಲು ಕೆಲವೇ ವಾರಗಳಲ್ಲಿ ಮಣ್ಣುಪಾಲಾಗುತ್ತದೆ. ಈ ರೋಗವನ್ನು ಆಳವಾಗಿ ಅಭ್ಯಸಿಸಿ, ಅದನ್ನು ತಡೆಯುವ ದಾರಿ ತೋರಿದ ಮಹನೀಯರು ಡಾ. ಲೆಸ್ಲಿ ಚಾರ್ಲ್ಸ್ ಕೋಲ್ಮನ್.

ಕೋಲ್ಮನ್ನರು 1878ರಲ್ಲಿ ಕೆನಡಾ ದೇಶದಲ್ಲಿ ಜನಿಸಿದರು. ಟೊರಾಂಟೊ ನಗರದಲ್ಲಿ ವ್ಯಾಸಂಗ ಮಾಡಿ, ಜರ್ಮನಿಯ ಗಟಿಂಗೆನ್ ವಿಶ್ವವಿದ್ಯಾನಿಲಯದಿಂದ ಡಾಕ್ಟರೇಟ್ ಪದವಿ ಪಡೆದರು. 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಸೇರಿದರು.

ಅಂದು ಬೆಳೆಗಾರರು ಮಳೆ ತಾಗದಂತೆ ಅಡಿಕೆ ಗೊನೆಗಳಿಗೆ ಕೊಟ್ಟೆ ಕಟ್ಟುತ್ತಿದ್ದರು. ಅದು ಬಹು ಶ್ರಮದ ಕೆಲಸ. ಕೋಲ್ಮನ್ನರು ತೋಟಗಳಲ್ಲಿ ರೋಗವನ್ನು ಪರೀಕ್ಷಿಸಿ, ಫೈಟಾಫ್ತೊರಾ ಎಂಬ ಸೂಕ್ಷ್ಮಜೀವಿಯ ವಿವರಗಳನ್ನು 1910ರಲ್ಲಿ ಪ್ರಕಟಿಸಿದರು. ಫ್ರಾನ್ಸಿನ ದ್ರಾಕ್ಷಿ ತೋಟಗಳಲ್ಲಿ ಬಳಕೆಗೆ ಬಂದಿದ್ದ, ಮೈಲುತುತ್ತ ಮತ್ತು ಸುಣ್ಣಗಳಿಂದ ಮಾಡಿದ ಬೋರ್ಡೋ ದ್ರಾವಣವನ್ನು ಗೊನೆಗಳಿಗೆ ಸಿಂಪಡಿಸುವ ಕ್ರಮವನ್ನು ಬಳಕೆಗೆ ತಂದರು. ಮಳೆ ಹಿಡಿಯುವ ಮೊದಲೇ ಸಿಂಪಡಿಸಬೇಕೆಂಬುದು ಈ ಕ್ರಮದ ತಿರುಳು.

ಇದರ ಒಳಮರ್ಮವನ್ನು ಮುಂದಿನ ವಿಜ್ಞಾನ ಬಿಡಿಸಿ ಹೇಳಿತು. ಆಗ ಶಿಲೀಂಧ್ರವೆಂದು ಎಣಿಸಲಾಗಿದ್ದ ಫೈಟಾಫ್ತೊರಾವನ್ನು ಇಂದು ಶಿಲೀಂಧ್ರವನ್ನು ಹೋಲುವ ಬೇರೊಂದು ಗುಂಪಿಗೆ ಸೇರಿಸಲಾಗಿದೆ. ಈ ಜೀವಿಗಳು ಸಸ್ಯವನ್ನು ಹೊಕ್ಕಾಗ ಹಲವು ಬಗೆಯ ಪ್ರೋಟೀನುಗಳನ್ನು ಸ್ರವಿಸುತ್ತವೆ. ಅವುಗಳಲ್ಲಿ ಕೆಲವು ಜೀವಕೋಶಗಳ ಭಿತ್ತಿಯನ್ನು ಕರಗಿಸುತ್ತವೆ. ಮತ್ತೆ ಕೆಲವು ಜೀವಕೋಶದೊಳಕ್ಕೆ ನುಸುಳಿ ಸಸ್ಯದ ರಕ್ಷಣಾಶಕ್ತಿಯನ್ನು ಕುಂದಿಸುತ್ತವೆ. ಇಂತಹ ಪ್ರೋಟೀನನ್ನು ಗುರುತಿಸಬಲ್ಲ ಸಸ್ಯವು ಎಚ್ಚೆತ್ತು ರೋಗವನ್ನು ಎದುರಿಸುತ್ತದೆ; ಗುರುತಿಸಲಾರದ ಸಸ್ಯವು ಅದಕ್ಕೆ ತುತ್ತಾಗುತ್ತದೆ. ಬೋರ್ಡೋ ದ್ರಾವಣದ ತಾಮ್ರವು ಕಾಯಿಯ ಮೇಲೆ ಬಿದ್ದ ರೋಗಾಣುಗಳನ್ನು ಅಲ್ಲಿಯೇ ಕೊಲ್ಲುತ್ತದೆ. ಒಳಹೊಕ್ಕ ರೋಗವನ್ನು ಅದು ಗುಣಪಡಿಸಲಾರದು. ಈ ಪ್ರೋಟೀನುಗಳ ಅರಿವಿಲ್ಲದ ಕಾಲದಲ್ಲಿಯೂ ಕೋಲ್ಮನ್ನರು ಸರಿಯಾದ ಕ್ರಮವನ್ನೇ ತೋರಿದ್ದರು.

ಮುಂದೆ ಅವರು ಸಂಸ್ಥಾನದ ಕೃಷಿ ಇಲಾಖೆಯ ನಿರ್ದೇಶಕರಾದರು. ಹೆಬ್ಬಾಳದ ಕೃಷಿ ಶಾಲೆ ಅವರ ಆಶ್ರಯದಲ್ಲಿ ಬೆಳೆಯಿತು. 1925ರಲ್ಲಿ ಬಾಳೆಹೊನ್ನೂರಿನಲ್ಲಿ ಕಾಫಿ ಸಂಶೋಧನಾ ಕೇಂದ್ರ ಸ್ಥಾಪನೆಯಾಯಿತು. 1934ರಲ್ಲಿ ನಿವೃತ್ತರಾದ ಕೋಲ್ಮನ್ನರು 1954ರಲ್ಲಿ ನಿಧನ ಹೊಂದಿದರು.

ಮುಂಗಾರಿಗೆ ಮುನ್ನ ಮಲೆನಾಡಿನ ಅಡಿಕೆ ಗೊನೆಗಳಿಗೆ ಇಂದಿಗೂ ಆ ನೀಲಿ ದ್ರಾವಣವನ್ನು ಸಿಂಪಡಿಸಲಾಗುತ್ತದೆ. ಪರದೇಶದಲ್ಲಿ ಹುಟ್ಟಿ ಕನ್ನಡ ನಾಡಿನ ರೈತರಿಗಾಗಿ ದುಡಿದ ಆ ವಿಜ್ಞಾನಿಯ ನೆನಪು ಅದರಲ್ಲಿ ಉಳಿದಿದೆ.