ದೇಹದ ಕತ್ತಲೆಗೆ ದೀಪವನ್ನೊಯ್ದ ವೈದ್ಯ ಮ್ಯಾಕ್ಸ್ ನಿಟ್ಸೆ

ನೋವಿಲ್ಲದೆ, ಜ್ವರವಿಲ್ಲದೆ, ಒಂದು ದಿನ ಇದ್ದಕ್ಕಿದ್ದಂತೆ ಮೂತ್ರವು ರಕ್ತಮಿಶ್ರಿತವಾಗಿ ಬರುತ್ತದೆ; ಕೆಲವು ದಿನಗಳಲ್ಲಿ ತಾನಾಗಿಯೇ ತಿಳಿಯಾಗುತ್ತದೆ. ರೋಗಿಯು ನೆಮ್ಮದಿಯಿಂದ ಅದನ್ನು ಮರೆತಿರುವಾಗ, ತಿಂಗಳುಗಳು ಕಳೆದ ಮೇಲೆ, ಮತ್ತೆ ಅದೇ ಕೆಂಪು ಕಾಣಿಸಿಕೊಳ್ಳುತ್ತದೆ. ಮೂತ್ರಾಶಯದ ಅರ್ಬುದವು ಬಹುಮಟ್ಟಿಗೆ ಹೀಗೆಯೇ ತನ್ನ ಬರವನ್ನು ಸೂಚಿಸುತ್ತದೆ. ಮೂತ್ರಪಿಂಡದ ಅರ್ಬುದವೂ ಎಷ್ಟೋ ಸಲ ಹೀಗೆಯೇ ಬಯಲಾಗುತ್ತದೆ. ಆದರೆ ಆ ರಕ್ತವು ಎರಡು ಮೂತ್ರಪಿಂಡಗಳಲ್ಲಿ ಯಾವುದರಿಂದ ಬಂದಿತು, ಅಥವಾ ಅವುಗಳ ಕೆಳಗಿರುವ ಮೂತ್ರಾಶಯದಿಂದಲೇ ಬಂದಿತೆ ಎಂಬುದನ್ನು ತಿಳಿಯಲು 19ನೆಯ ಶತಮಾನದ ಮುಕ್ಕಾಲು ಭಾಗ ಕಳೆಯುವವರೆಗೂ ವೈದ್ಯರಿಗೆ ಸಮರ್ಪಕವಾದ ದಾರಿಯೇ ಇರಲಿಲ್ಲ. ಲಂಡನ್ನಿನ ಪ್ರಖ್ಯಾತ ಶಸ್ತ್ರವೈದ್ಯ ಸರ್ ಹೆನ್ರಿ ಥಾಂಪ್ಸನ್‌ನಂಥವನು ಸಹ ದೇಹವನ್ನು ಕೊಯ್ದು, ಮೂತ್ರಾಶಯದೊಳಗೆ ಬೆರಳನ್ನು ತೂರಿಸಿ, ತಡವಿ ನೋಡಿ ಗಡ್ಡೆಯನ್ನು ಗುರುತಿಸಬೇಕಾಗಿತ್ತು. ಕಣ್ಣು ಮಾಡಬೇಕಾದ ಕೆಲಸವನ್ನು ಬೆರಳು ಮಾಡುತ್ತಿದ್ದ ಕಾಲವದು. ಆ ಕತ್ತಲೆಯ ಕೋಣೆಗೆ ದೀಪವನ್ನು ಒಯ್ದವನು ಜರ್ಮನಿಯ ಮ್ಯಾಕ್ಸಿಮಿಲಿಯನ್ ನಿಟ್ಸೆ.

ನಿಟ್ಸೆ ಜನಿಸಿದ್ದು 1848ರ ಸೆಪ್ಟೆಂಬರ್ 18ರಂದು, ಬರ್ಲಿನ್ ನಗರದಲ್ಲಿ. ಹೈಡೆಲ್‌ಬರ್ಗ್, ವ್ಯೂರ್ಟ್ಸ್‌ಬುರ್ಗ್ ಮತ್ತು ಲೈಪ್‌ಜಿಗ್ ವಿಶ್ವವಿದ್ಯಾನಿಲಯಗಳಲ್ಲಿ ವೈದ್ಯಶಾಸ್ತ್ರವನ್ನು ಅಭ್ಯಸಿಸಿ, 1874ರಲ್ಲಿ ವೈದ್ಯ ಪದವಿಯನ್ನು ಪಡೆದು, ಡ್ರೆಸ್ಡೆನ್ ನಗರದ ಆಸ್ಪತ್ರೆಯಲ್ಲಿ ಸಹಾಯಕ ವೈದ್ಯನಾಗಿ ಸೇರಿದನು. ಆಗ ಆತನಿಗೆ ಹೆಸರಿರಲಿಲ್ಲ, ಅಧಿಕಾರವೂ ಇರಲಿಲ್ಲ.

ದೇಹದೊಳಗನ್ನು ನೋಡಬೇಕೆಂಬ ಹಂಬಲ ಆತನೊಬ್ಬನದೇ ಎಂದಲ್ಲ. ಫ್ರಾಂಕ್‌ಫರ್ಟಿನ ಯುವವೈದ್ಯ ಫಿಲಿಪ್ ಬೊಟ್ಸಿನಿಯು 1806ರಲ್ಲಿಯೇ ಮೇಣದ ಬತ್ತಿಯ ಬೆಳಕನ್ನು ಕನ್ನಡಿಯಿಂದ ಪ್ರತಿಫಲಿಸಿ ನಳಿಗೆಯ ಮೂಲಕ ಒಳಗೆ ಹಾಯಿಸುವ ಉಪಕರಣವೊಂದನ್ನು ರಚಿಸಿದ್ದನು. ವಿಯೆನ್ನಾದ ವೈದ್ಯಪಂಡಿತರು ಅದನ್ನು ಪುರಸ್ಕರಿಸಲಿಲ್ಲ. ಮೂರೇ ವರ್ಷಗಳಲ್ಲಿ ಆತ ಸಾಂಕ್ರಾಮಿಕ ಜ್ವರಕ್ಕೆ ತುತ್ತಾದನು. 1853ರಲ್ಲಿ ಪ್ಯಾರಿಸ್ಸಿನ ದೆಸೊರ್ಮೊ ಮದ್ಯಸಾರ ಮತ್ತು ಟರ್ಪೆಂಟೈನ್ ಬೆರೆಸಿ ಉರಿಸುವ ದೀಪವನ್ನು ಬಳಸಿ ಅದೇ ಪ್ರಯತ್ನವನ್ನು ಮುಂದುವರಿಸಿದನು. ಇವರೆಲ್ಲರ ಉಪಕರಣಗಳಲ್ಲಿಯೂ ಎರಡು ಕೊರತೆಗಳು ಉಳಿದೇ ಇದ್ದವು. ದೀಪವು ದೇಹದ ಹೊರಗೆ ಇರುತ್ತಿದ್ದುದರಿಂದ ಕಿರಿದಾದ ನಳಿಗೆಯನ್ನು ದಾಟಿ ಒಳಗೆ ಸೇರುವ ಬೆಳಕು ಅತ್ಯಲ್ಪವಾಗಿತ್ತು. ಕಾಣುವ ಜಾಗವಾದರೋ ನಳಿಗೆಯ ಬಾಯಿಯಷ್ಟೇ ಅಗಲ. ಬಾಗಿಲಿನ ಬೀಗದ ಕಂಡಿಯಿಂದ ದೊಡ್ಡ ಹಜಾರವನ್ನು ನೋಡಿದಂತೆ!

ಕೋಣೆಯನ್ನು ಬೆಳಗಬೇಕಾದರೆ ದೀಪವನ್ನು ಕೋಣೆಯೊಳಕ್ಕೇ ತೆಗೆದುಕೊಂಡು ಹೋಗಬೇಕು ಎಂಬ ಸರಳ ತರ್ಕವೇ ನಿಟ್ಸೆಯ ಸಾಧನೆಗೆ ತಳಹದಿಯಾಯಿತು. ವಿದ್ಯುತ್ತಿನಿಂದ ಕಾಯ್ದು ಬೆಳಗುವ ಪ್ಲಾಟಿನಂ ತಂತಿಯನ್ನು, ಸುತ್ತಲೂ ತಣ್ಣೀರು ಹರಿಸಿ ಬಳಸಬಹುದೆಂಬುದನ್ನು ಬ್ರೆಸ್ಲಾವಿನ ದಂತವೈದ್ಯ ಯೂಲಿಯುಸ್ ಬ್ರುಕ್ 1867ರಲ್ಲಿ ತೋರಿಸಿದ್ದನು. ನಿಟ್ಸೆಯು ಆ ತಂತಿಯನ್ನು ತನ್ನ ಉಪಕರಣದ ತುದಿಯಲ್ಲಿಟ್ಟು ಮೂತ್ರಾಶಯದೊಳಕ್ಕೇ ಕಳುಹಿಸಲು ನಿಶ್ಚಯಿಸಿದನು. ಎರಡನೆಯ ಕೊರತೆಗೆ ಪರಿಹಾರ ಆಕಸ್ಮಿಕವಾಗಿ ಹೊಳೆಯಿತೆಂದು ಹೇಳುತ್ತಾರೆ. ಸೂಕ್ಷ್ಮದರ್ಶಕದ ಮಸೂರವನ್ನು ಒರೆಸಿ ಬೆಳಕಿಗೆ ಹಿಡಿದು ನೋಡುತ್ತಿದ್ದಾಗ, ಎದುರಿನ ಇಗರ್ಜಿಯ ಬಿಂಬವು ತಲೆಕೆಳಗಾಗಿ, ಆದರೆ ಇಡಿಯಾಗಿ, ಆ ಪುಟ್ಟ ಗಾಜಿನಲ್ಲಿ ಮೂಡಿತಂತೆ. ಅಷ್ಟು ದೊಡ್ಡ ಕಟ್ಟಡ ಇಷ್ಟು ಚಿಕ್ಕ ಗಾಜಿನಲ್ಲಿ ಅಡಗುವುದಾದರೆ, ಮಸೂರಗಳನ್ನು ಸಾಲಾಗಿ ಜೋಡಿಸಿದ ಕಿರುನಳಿಗೆಯಲ್ಲಿ ಮೂತ್ರಾಶಯದ ವಿಶಾಲವಾದ ಭಿತ್ತಿಯೇಕೆ ಕಾಣಬಾರದು? ಬರ್ಲಿನ್ನಿನ ಬೆನೆಷ್ ಎಂಬ ದೃಗುಪಕರಣ ತಜ್ಞನು ಮಸೂರಗಳ ವಿಷಯದಲ್ಲಿಯೂ, ಡ್ರೆಸ್ಡೆನ್ನಿನ ಡೈಕೆ ಎಂಬ ಕುಶಲಕರ್ಮಿಯು ಲೋಹದ ಕೆಲಸದಲ್ಲಿಯೂ ನೆರವಾದರು. 1877ರ ಅಕ್ಟೋಬರಿನಲ್ಲಿ ನಿಟ್ಸೆಯು ಡ್ರೆಸ್ಡೆನ್ನಿನ ವೈದ್ಯರ ಮುಂದೆ ಶವವೊಂದರ ಮೇಲೆ ತನ್ನ ಮೂತ್ರಾಶಯದರ್ಶಕವನ್ನು, ಎಂದರೆ ಸಿಸ್ಟೋಸ್ಕೋಪನ್ನು, ಪ್ರಯೋಗಿಸಿ ತೋರಿಸಿದನು. ಆಗ ಆತನಿಗೆ ಇಪ್ಪತ್ತೊಂಬತ್ತು ವರ್ಷ.

ಆ ಮೊದಲ ಉಪಕರಣವು ಒರಟಾಗಿತ್ತು. ಅದನ್ನು ನಯಗೊಳಿಸುವ ಆಸೆಯಿಂದ ನಿಟ್ಸೆಯು ವಿಯೆನ್ನಾಕ್ಕೆ ಹೋಗಿ, ಅಲ್ಲಿನ ಹೆಸರಾಂತ ಉಪಕರಣ ತಯಾರಕ ಯೋಸೆಫ್ ಲೈಟರ್‌ನೊಡನೆ ಕೂಡಿ ಕೆಲಸ ಮಾಡಿದನು. 1879ರಲ್ಲಿ ವಿಯೆನ್ನಾದ ವೈದ್ಯರ ಸಂಘದ ಮುಂದೆ ಸುಧಾರಿತ ಉಪಕರಣದ ಪ್ರದರ್ಶನ ನಡೆಯಿತು. ಕೀರ್ತಿಯ ಬೆನ್ನಿಗೇ ಕಲಹವೂ ಬಂದಿತು. ಉಪಕರಣವು ಇಬ್ಬರ ಹೆಸರಿನಲ್ಲಿಯೂ ಪ್ರಚಾರಕ್ಕೆ ಬಂದಾಗ, ತನಗೆ ಸಲ್ಲಬೇಕಾದ ಗೌರವವನ್ನು ಲೈಟರ್ ಹಂಚಿಕೊಳ್ಳುತ್ತಿದ್ದಾನೆಂದು ನಿಟ್ಸೆಗೆ ಅನ್ನಿಸಿತು. ಮುನಿದು 1880ರಲ್ಲಿ ಬರ್ಲಿನ್ನಿಗೆ ಹಿಂದಿರುಗಿದನು. ಕಲ್ಪನೆ ನಿಟ್ಸೆಯದು, ಸಂದೇಹವಿಲ್ಲ. ಆದರೆ ಲೈಟರನ ಕೈಚಳಕವಿಲ್ಲದಿದ್ದರೆ ಆ ಕಲ್ಪನೆಯು ವೈದ್ಯರ ಕೈಗೆ ಅಷ್ಟು ಬೇಗ ಬರುತ್ತಿರಲಿಲ್ಲವೆಂಬುದನ್ನೂ ಒಪ್ಪಬೇಕು. ತನ್ನ ಹಕ್ಕಿನ ವಿಷಯದಲ್ಲಿ ನಿಟ್ಸೆಯು ಕೊನೆಯವರೆಗೂ ನಿಷ್ಠುರನಾಗಿಯೇ ಉಳಿದನು. ಮುಂದೆ ಬರ್ಲಿನ್ನಿನವನೇ ಆದ ಲಿಯೊಪೋಲ್ಡ್ ಕಾಸ್ಪರ್‌ನೊಡನೆಯೂ ಯಾರು ಮೊದಲಿಗರೆಂಬ ಬಗ್ಗೆ ಇಂಥದೇ ವಾಗ್ವಾದ ನಡೆಯಿತು.

ಕಾಯ್ದ ತಂತಿ, ಅದನ್ನು ತಣಿಸುವ ನೀರಿನ ಕೊಳವೆಗಳು, ಭಾರವಾದ ವಿದ್ಯುತ್ಕೋಶಗಳು: ಇವನ್ನೆಲ್ಲ ನಿಭಾಯಿಸಬಲ್ಲ ವೈದ್ಯರು ವಿರಳವಾಗಿದ್ದರು. ಎಡಿಸನ್ನನ ವಿದ್ಯುದ್ದೀಪವು ಬಂದು, ಅದರ ಅತಿಚಿಕ್ಕ ರೂಪವು ದೊರೆಯುವಂತಾದಾಗ ಈ ತೊಡಕೆಲ್ಲ ಕಳೆಯಿತು. 1887ರಲ್ಲಿ ನಿಟ್ಸೆಯೂ ಲೈಟರನೂ ಬೇರೆಬೇರೆಯಾಗಿಯೇ ಆ ಕಿರುದೀಪವನ್ನು ಉಪಕರಣದ ತುದಿಗೆ ಅಳವಡಿಸಿದರು. ಅಂದಿನಿಂದ ಮೂತ್ರಾಶಯದರ್ಶನವು ಸಾಮಾನ್ಯ ವೈದ್ಯನಿಗೂ ಎಟುಕುವ ವಿದ್ಯೆಯಾಯಿತು. 1889ರಲ್ಲಿ ನಿಟ್ಸೆಯು ಈ ವಿದ್ಯೆಯ ಪಠ್ಯಗ್ರಂಥವನ್ನು ಹೊರತಂದನು. ಮೂತ್ರಾಶಯದೊಳಗಿನ ಛಾಯಾಚಿತ್ರಗಳನ್ನು ತೆಗೆದು 1894ರಲ್ಲಿ ಅವುಗಳ ಸಂಪುಟವನ್ನೂ ಪ್ರಕಟಿಸಿದನು. ನೀರಿನಲ್ಲಿ ತೂಗಾಡುವ ಪಾಚಿಯಂತೆ ಭಿತ್ತಿಗೆ ಅಂಟಿಕೊಂಡಿರುವ ಗಡ್ಡೆಯನ್ನು, ಅದನ್ನು ಹೊತ್ತ ಮನುಷ್ಯನು ಬದುಕಿರುವಾಗಲೇ, ವೈದ್ಯಲೋಕವು ಚಿತ್ರದಲ್ಲಿ ಕಾಣುವಂತಾಯಿತು.

ಕಂಡ ಗಡ್ಡೆಯನ್ನು ಕೀಳುವ ಬಗೆ ಹೇಗೆ? ಅದುವರೆಗೆ ಹೊಟ್ಟೆಯನ್ನು ಕೊಯ್ದು ಮೂತ್ರಾಶಯವನ್ನು ತೆರೆಯುವುದೊಂದೇ ಉಪಾಯವಾಗಿತ್ತು; ಅದರಿಂದ ಉಳಿದವರಂತೆ ಅಳಿದವರೂ ಇದ್ದರು. 1890ರ ದಶಕದ ಮೊದಲ ವರ್ಷಗಳಲ್ಲಿ ನಿಟ್ಸೆಯು ದರ್ಶಕಕ್ಕೆ ತಂತಿಯ ಕುಣಿಕೆಯೊಂದನ್ನೂ ವಿದ್ಯುತ್ತಿನಿಂದ ಕಾಯುವ ದಹನಿಯನ್ನೂ ಸೇರಿಸಿದನು. ಕುಣಿಕೆಯಿಂದ ಗಡ್ಡೆಯನ್ನು ಬಿಗಿದು ಕತ್ತರಿಸುವುದು, ಬುಡವನ್ನು ಸುಡುವುದು, ಎಲ್ಲವೂ ಕಣ್ಣಿಗೆ ಕಾಣುತ್ತಿರುವಂತೆಯೇ, ಚರ್ಮದ ಮೇಲೆ ಒಂದು ಗೀರೂ ಇಲ್ಲದೆ! ಬರ್ಲಿನ್ನಿನ ತನ್ನ ಖಾಸಗಿ ಚಿಕಿತ್ಸಾಲಯದಲ್ಲಿ ಆತ ನೂರಕ್ಕೂ ಹೆಚ್ಚು ರೋಗಿಗಳಿಗೆ ಈ ಚಿಕಿತ್ಸೆಯನ್ನು ಮಾಡಿದನು. ಆಳಕ್ಕೆ ಬೇರುಬಿಟ್ಟ ಅರ್ಬುದವನ್ನು ಈ ಉಪಾಯವು ಗೆಲ್ಲಲಾರದಾಗಿತ್ತು. ಕಿತ್ತ ಗಡ್ಡೆಯು ಮತ್ತೆ ಬೇರೊಂದು ಕಡೆ ತಲೆಯೆತ್ತುವುದೂ ಉಂಟು. ಆದರೆ ಮತ್ತೆ ಬಂದುದನ್ನು ಮತ್ತೆ ಕಾಣಬಹುದಾಗಿತ್ತು, ಮತ್ತೆ ಕೀಳಬಹುದಾಗಿತ್ತು.

ಮೂತ್ರಪಿಂಡದ ರೋಗಿಗಳಿಗೂ ಈ ಉಪಕರಣದಿಂದ ಅಷ್ಟೇ ಉಪಕಾರವಾಯಿತು. ಹೈಡೆಲ್‌ಬರ್ಗಿನ ಗುಸ್ಟಾವ್ ಸಿಮೋನ್ 1869ರಲ್ಲಿ ಮನುಷ್ಯನ ಒಂದು ಮೂತ್ರಪಿಂಡವನ್ನು ತೆಗೆದರೂ ಆತ ಬದುಕಬಲ್ಲನೆಂದು ಸಿದ್ಧಪಡಿಸಿದ್ದನು. ಆದರೆ ಉಳಿದ ಮತ್ತೊಂದು ಆರೋಗ್ಯವಾಗಿರಬೇಕಷ್ಟೆ. ಅದೂ ರೋಗಗ್ರಸ್ತವಾಗಿದ್ದರೆ? ಹುಟ್ಟಿನಿಂದ ಒಂದೇ ಮೂತ್ರಪಿಂಡವುಳ್ಳವರೂ ಲೋಕದಲ್ಲಿದ್ದಾರೆ. ಅಂಥವರಲ್ಲಿ ಆ ಒಂದನ್ನೇ ಅರಿಯದೆ ತೆಗೆದುಹಾಕಿದ ದುರಂತಗಳೂ ಆ ಕಾಲದಲ್ಲಿ ನಡೆದಿದ್ದವು. ಮೂತ್ರಪಿಂಡಗಳಿಂದ ಇಳಿದುಬರುವ ಎರಡು ಮೂತ್ರವಾಹಿನಿಗಳು ಮೂತ್ರಾಶಯದ ತಳದಲ್ಲಿ ಎರಡು ಚಿಕ್ಕ ಬಾಯಿಗಳಾಗಿ ತೆರೆಯುತ್ತವೆ. ದರ್ಶಕದಲ್ಲಿ ನೋಡುತ್ತ ಕುಳಿತರೆ ಯಾವ ಬಾಯಿಯಿಂದ ರಕ್ತ ಚಿಮ್ಮುತ್ತಿದೆ, ಯಾವುದರಿಂದ ತಿಳಿಯಾದ ಮೂತ್ರ ಬರುತ್ತಿದೆ ಎಂಬುದು ಸ್ಪಷ್ಟವಾಗುತ್ತದೆ. ಆ ಬಾಯಿಯೊಳಕ್ಕೆ ಸಣ್ಣ ನಳಿಕೆಯನ್ನು ಸೇರಿಸಿ ಒಂದೊಂದು ಮೂತ್ರಪಿಂಡದ ಮೂತ್ರವನ್ನೂ ಪ್ರತ್ಯೇಕವಾಗಿ ಸಂಗ್ರಹಿಸಿ ಪರೀಕ್ಷಿಸುವ ದರ್ಶಕವನ್ನು ನಿಟ್ಸೆಯು ರೂಪಿಸಿದನು. ಕಾಸ್ಪರನೊಡನೆ ನಡೆದ ವಾಗ್ವಾದವು ಇದರ ಬಗೆಗೇ. 1897ರಲ್ಲಿ ಪ್ಯಾರಿಸ್ಸಿನ ಅಲ್ಬರಾನ್, ನಳಿಕೆಯ ತುದಿಯನ್ನು ಬೇಕಾದಂತೆ ಬಾಗಿಸುವ ಸನ್ನೆಯೊಂದನ್ನು ಸೇರಿಸಿ ಆ ಕೆಲಸವನ್ನು ಸುಲಭಗೊಳಿಸಿದನು. ಯಾವ ಮೂತ್ರಪಿಂಡವನ್ನು ತೆಗೆಯಬೇಕು, ಯಾವುದನ್ನು ನಂಬಬಹುದು ಎಂಬ ನಿರ್ಧಾರವು ಊಹೆಯ ಕೈಯಿಂದ ಬಿಡಿಸಿಕೊಂಡದ್ದು ಹೀಗೆ.

ವಿಶ್ವವಿದ್ಯಾನಿಲಯದ ಮನ್ನಣೆಯು ನಿಟ್ಸೆಗೆ ಬಹಳ ತಡವಾಗಿ ದೊರೆಯಿತು. ಮೂತ್ರರೋಗಗಳ ಚಿಕಿತ್ಸೆಯು ಪ್ರತ್ಯೇಕ ಶಾಸ್ತ್ರವೆಂಬುದನ್ನೇ ಅಂದಿನ ಶಸ್ತ್ರವೈದ್ಯರಲ್ಲಿ ಅನೇಕರು ಒಪ್ಪುತ್ತಿರಲಿಲ್ಲ. ಪ್ರಾಧ್ಯಾಪಕನೆಂಬ ಬಿರುದನ್ನು ಪಡೆದು ಕೆಲವೇ ವರ್ಷಗಳಲ್ಲಿ, 1906ರ ಫೆಬ್ರವರಿಯಲ್ಲಿ, ಬರ್ಲಿನ್ನಿನಲ್ಲಿ ಆತ ಕಾಲವಾದನು, ಐವತ್ತೆಂಟು ತುಂಬಿರಲಿಲ್ಲ. ಜರ್ಮನಿಯ ಮೂತ್ರರೋಗ ತಜ್ಞರ ಸಂಘವು ಸ್ಥಾಪನೆಯಾದದ್ದು ಅದೇ ವರ್ಷದ ಸೆಪ್ಟೆಂಬರಿನಲ್ಲಿ. ಅದು ನೀಡುವ ಪ್ರಶಸ್ತಿಯೊಂದಕ್ಕೆ ಆತನ ಹೆಸರನ್ನಿಟ್ಟಿದ್ದಾರೆ.

ನಾಲ್ಕು ವರ್ಷಗಳ ತರುವಾಯ, 1910ರಲ್ಲಿ, ನ್ಯೂಯಾರ್ಕಿನ ಎಡ್ವಿನ್ ಬೀರ್ ಎಂಬ ವೈದ್ಯನು ನಿಟ್ಸೆಯ ಮಾದರಿಯ ದರ್ಶಕದ ಮೂಲಕ ತಂತಿಯೊಂದನ್ನು ತೂರಿಸಿ, ಉಚ್ಚ ಆವರ್ತನದ ವಿದ್ಯುತ್ತನ್ನು ಹಾಯಿಸಿ, ನೀರು ತುಂಬಿದ ಮೂತ್ರಾಶಯದೊಳಗೇ ಗಡ್ಡೆಯನ್ನು ಸುಡುವ ಕ್ರಮವನ್ನು ಪ್ರಕಟಿಸಿದನು. ಮೂತ್ರಾಶಯದ ಗಡ್ಡೆಯನ್ನು ಕುಣಿಕೆಯಿಂದ ಕೆರೆದು ತೆಗೆಯುವ ಇಂದಿನ ಶಸ್ತ್ರಚಿಕಿತ್ಸೆಯು ಈ ಎರಡು ದಾರಿಗಳು ಕೂಡಿ ಬೆಳೆದದ್ದು. 1976ರಿಂದೀಚೆಗೆ ಕ್ಷಯದ ಲಸಿಕೆಯಾದ ಬಿ.ಸಿ.ಜಿ.ಯನ್ನು ಮೂತ್ರಾಶಯದೊಳಗೆ ತುಂಬಿ ಗಡ್ಡೆಯು ಮರುಕಳಿಸದಂತೆ ತಡೆಯುವ ಚಿಕಿತ್ಸೆಯೂ ಬಳಕೆಗೆ ಬಂದಿದೆ. ಆ ಚಿಕಿತ್ಸೆ ಪಡೆದವರೂ, ಗಡ್ಡೆ ಮತ್ತೆ ಬಂದಿದೆಯೇ ಎಂದು ನೋಡಿಸಿಕೊಳ್ಳಲು ಮೊದಲು ಮೂರು ತಿಂಗಳಿಗೊಮ್ಮೆ ಆಸ್ಪತ್ರೆಗೆ ಬರುತ್ತಾರೆ. ವೈದ್ಯನು ತುದಿಯಲ್ಲಿ ಬೆಳಕಿರುವ ನಳಿಗೆಯೊಂದನ್ನು ಒಳಗೆ ಕಳುಹಿಸಿ ನೋಡುತ್ತಾನೆ.