ಹೆಸರು ಮರೆಯಾದ ಮುಖ್ಯ ವಿನ್ಯಾಸಕ: ಸೆರ್ಗೆಯಿ ಕೊರೊಲ್ಯೋವ್

ಪ್ರಸಿದ್ಧರ ಜೀವನಚರಿತ್ರೆಯನ್ನು ಬರೆಯಹೊರಟವನಿಗೆ ಸಾಮಾನ್ಯವಾಗಿ ಎದುರಾಗುವ ತೊಡಕು ಸಾಮಗ್ರಿಯ ಕೊರತೆಯದಲ್ಲ, ಅದರ ಅತಿಶಯದ್ದು. ಬದುಕಿರುವಾಗಲೇ ಅವರ ಸುತ್ತ ಹೊಗಳಿಕೆಯೂ ದಂತಕಥೆಯೂ ಬೆಳೆದುನಿಂತಿರುತ್ತವೆ. ಸೆರ್ಗೆಯಿ ಪಾವ್ಲೊವಿಚ್ ಕೊರೊಲ್ಯೋವ್‌ನ ವಿಷಯದಲ್ಲಿ ಆದದ್ದು ಇದಕ್ಕೆ ತೀರ ವಿರುದ್ಧ. ಮೊದಲ ಕೃತಕ ಉಪಗ್ರಹವನ್ನು ಹಾರಿಸಿದ, ಚಂದ್ರನನ್ನು ಮುಟ್ಟಿದ ಮೊದಲ ಯಂತ್ರವನ್ನು ಕಳುಹಿಸಿದ, ಚಂದ್ರನ ಆಚೆಯ ಮುಖವನ್ನು ಮನುಷ್ಯನಿಗೆ ಮೊದಲು ತೋರಿಸಿಕೊಟ್ಟ ಈ ಇಂಜಿನಿಯರನ ಹೆಸರು ಆತ ಬದುಕಿರುವವರೆಗೆ ಆತನ ದೇಶದ ಸಾಮಾನ್ಯ ಜನರಿಗೇ ತಿಳಿದಿರಲಿಲ್ಲ. ಪತ್ರಿಕೆಗಳ ಪಾಲಿಗೆ ಆತ ಬರಿಯ ಮುಖ್ಯ ವಿನ್ಯಾಸಕ. 1966ರ ಜನವರಿ 16ರಂದು ಪ್ರಾವ್ದಾ ಪತ್ರಿಕೆ ಭಾವಚಿತ್ರದೊಡನೆ ಮರಣವಾರ್ತೆಯನ್ನು ಪ್ರಕಟಿಸಿದಾಗಲೇ ಲೋಕಕ್ಕೆ ಆ ಹೆಸರಿನ ಪರಿಚಯವಾದದ್ದು. ಹೆಸರನ್ನು ಮುಚ್ಚಿಟ್ಟ ವ್ಯವಸ್ಥೆಯೇ ಆತನ ಸೋಲುಗಳನ್ನೂ ಮುಚ್ಚಿಟ್ಟಿತ್ತು. ಅವೆರಡನ್ನೂ ಒಟ್ಟಿಗೆ ಇಟ್ಟು ನೋಡಿದಾಗ ಮಾತ್ರ ಆತನ ಸಾಧನೆಯ ನಿಜವಾದ ಅಳತೆ ನಮಗೆ ದೊರೆಯುತ್ತದೆ.

ಕೊರೊಲ್ಯೋವ್ ಹುಟ್ಟಿದ್ದು 1907ರ ಜನವರಿ 12ರಂದು, ಅಂದಿನ ರಷ್ಯನ್ ಸಾಮ್ರಾಜ್ಯಕ್ಕೆ ಸೇರಿದ್ದ ಉಕ್ರೇನಿನ ಝಿಟೊಮಿರ್ ಪಟ್ಟಣದಲ್ಲಿ. ತಂದೆ ಪಾವೆಲ್ ರಷ್ಯನ್ ಸಾಹಿತ್ಯದ ಅಧ್ಯಾಪಕ, ತಾಯಿ ಮರಿಯಾ. ಮಗು ಇನ್ನೂ ಚಿಕ್ಕದಿರುವಾಗಲೇ ದಂಪತಿಗಳು ಬೇರೆಯಾದರು. ತಂದೆ ತೀರಿಕೊಂಡನೆಂದು ಹೇಳಿ ಹುಡುಗನನ್ನು ನೆಝಿನ್ ಪಟ್ಟಣದಲ್ಲಿ ತಾಯಿಯ ತವರಿನವರು ಬೆಳೆಸಿದರು. ತಾಯಿ ಮರುಮದುವೆಯಾದ ಮೇಲೆ, 1917ರಲ್ಲಿ, ಸಂಸಾರ ಕಪ್ಪು ಸಮುದ್ರದ ದಡದ ಒಡೆಸ್ಸಾಕ್ಕೆ ಬಂದಿತು. ಅಲ್ಲಿಯ ಬಂದರಿನಲ್ಲಿ ನೆಲೆಸಿದ್ದ ಸಮುದ್ರವಿಮಾನಗಳ ದಳ ಬಾಲಕನ ಮನಸ್ಸನ್ನು ಸೆಳೆಯಿತು. ಹದಿನೇಳನೆಯ ವಯಸ್ಸಿನಲ್ಲಿ ಆತ ಒಂದು ಗ್ಲೈಡರಿನ ವಿನ್ಯಾಸವನ್ನು ರಚಿಸಿದ. 1924ರಲ್ಲಿ ಕೀವ್ ಪಾಲಿಟೆಕ್ನಿಕ್ ಸೇರಿ, 1926ರಲ್ಲಿ ಮಾಸ್ಕೋದ ಉನ್ನತ ತಾಂತ್ರಿಕ ವಿದ್ಯಾಲಯಕ್ಕೆ ಬಂದ. ಅಲ್ಲಿ ಆತನ ಪದವಿ ಯೋಜನೆಗೆ ಮಾರ್ಗದರ್ಶಕನಾದವನು ಪ್ರಸಿದ್ಧ ವಿಮಾನ ವಿನ್ಯಾಸಕ ಆಂದ್ರೆಯಿ ತುಪೊಲೆವ್. ಈ ಗುರುಶಿಷ್ಯರು ಮತ್ತೆ ಸಂಧಿಸಿದ್ದು ಯಾರೂ ಊಹಿಸಲಾರದಂಥ ಸ್ಥಳದಲ್ಲಿ.

ವಿಮಾನದಿಂದ ರಾಕೆಟ್ಟಿಗೆ ಕೊರೊಲ್ಯೋವ್‌ನ ಲಕ್ಷ್ಯ ಹೊರಳಿದ್ದು 1931ರ ಸುಮಾರಿಗೆ. ಅಂತರಗ್ರಹ ಯಾನದ ಕನಸನ್ನೇ ಉಸಿರಾಡುತ್ತಿದ್ದ ಫ್ರೀಡ್ರಿಖ್ ಝಾಂಡರ್‌ನೊಡನೆ ಸೇರಿ ಆತ ಮಾಸ್ಕೋದಲ್ಲಿ ರಾಕೆಟ್ ಅಧ್ಯಯನದ ಒಂದು ಉತ್ಸಾಹೀ ತಂಡವನ್ನು ಕಟ್ಟಿದ. ಮಿಖಾಯಿಲ್ ತಿಖೊನ್ರಾವೊವ್ ರೂಪಿಸಿದ ಆ ತಂಡದ ರಾಕೆಟ್ಟು 1933ರ ಆಗಸ್ಟ್ 17ರಂದು ಮೇಲೇರಿತು. ಮರುವರ್ಷ ವಾಯುಮಂಡಲದ ಮೇಲುಸ್ತರಗಳಲ್ಲಿ ರಾಕೆಟ್ ಯಾನದ ಸಾಧ್ಯತೆಯನ್ನು ಕುರಿತ ಕೊರೊಲ್ಯೋವ್‌ನ ಪುಸ್ತಕ ಹೊರಬಂದಿತು. ಅದರ ಮುಖಪುಟದ ಮೇಲೆ ಆತನ ಹೆಸರು ಸ್ಪಷ್ಟವಾಗಿಯೇ ಇತ್ತೆಂಬುದನ್ನು ಇಲ್ಲಿ ನೆನೆಯಬೇಕು. ಮುಂದೆ ಜಗತ್ತೇ ಬೆರಗಾಗುವ ಕೆಲಸ ಮಾಡಿದ ಕಾಲದಲ್ಲಿ ಆತ ಪ್ರಾವ್ದಾಕ್ಕೆ ಲೇಖನ ಬರೆದದ್ದು ಪ್ರೊಫೆಸರ್ ಕೆ. ಸೆರ್ಗೆಯೆವ್ ಎಂಬ ಕಲ್ಪಿತನಾಮದಿಂದ.

ಈ ಎರಡು ಘಟ್ಟಗಳ ನಡುವೆ ನಿಂತಿರುವುದು ಸ್ಟಾಲಿನ್ ಯುಗದ ಕರಾಳ ಅಧ್ಯಾಯ. 1938ರ ಆರಂಭದಲ್ಲಿ ರಾಕೆಟ್ ಸಂಶೋಧನಾ ಸಂಸ್ಥೆಯ ನಿರ್ದೇಶಕನನ್ನೂ ಮುಖ್ಯ ಇಂಜಿನಿಯರನನ್ನೂ ಗುಂಡಿಕ್ಕಿ ಕೊಲ್ಲಲಾಯಿತು. ಅದೇ ವರ್ಷ ಜೂನ್ 27ರಂದು ಕೊರೊಲ್ಯೋವ್‌ನ ಬಂಧನವಾಯಿತು. ದೇಶದ್ರೋಹದ ಹುಸಿ ಆರೋಪದ ಮೇಲೆ ಹತ್ತು ವರ್ಷಗಳ ಶಿಕ್ಷೆ ವಿಧಿಸಿ, ಪೂರ್ವ ಸೈಬೀರಿಯದ ಕೊಲಿಮಾ ಪ್ರದೇಶದ ಚಿನ್ನದ ಗಣಿಗೆ ಅಟ್ಟಿದರು. ಹಸಿವು, ಚಳಿ, ಸ್ಕರ್ವಿ ರೋಗಗಳಿಗೆ ಸಿಕ್ಕಿ ಹಲ್ಲುಗಳನ್ನು ಕಳೆದುಕೊಂಡ ಆತ ಅಲ್ಲಿಂದ ಬದುಕಿ ಹಿಂದಿರುಗಿದ್ದೇ ಒಂದು ಸೋಜಿಗ. ಪ್ರಕರಣದ ಮರುವಿಚಾರಣೆಯಾಗಿ 1940ರಲ್ಲಿ ಮಾಸ್ಕೋದ ಒಂದು ಸೆರೆಮನೆ ವಿನ್ಯಾಸಾಲಯಕ್ಕೆ ಬಂದಾಗ ಅಲ್ಲಿ ಎದುರಾದವನು ತಾನೂ ಕೈದಿಯಾಗಿದ್ದ ಗುರು ತುಪೊಲೆವ್. 1944ರಲ್ಲಿ ಬಿಡುಗಡೆಯಾಯಿತು, ಆದರೆ ನಿರ್ದೋಷಿಯೆಂಬ ಘೋಷಣೆ ಬಂದದ್ದು 1957ರಲ್ಲಿ. ಹೀಗಾಗಿ ಜಗತ್ತಿನ ಅತ್ಯಂತ ಬಲಿಷ್ಠ ರಾಕೆಟ್ಟನ್ನು ಕಟ್ಟಿದ ವರ್ಷಗಳಲ್ಲಿ ಆತ ಸರ್ಕಾರದ ದಾಖಲೆಯಲ್ಲಿ ಇನ್ನೂ ಅಪರಾಧಿಯೇ ಆಗಿದ್ದ.

ಯುದ್ಧಾನಂತರ ಜರ್ಮನಿಯ ವಿ-2 ಕ್ಷಿಪಣಿಗಳ ಅಧ್ಯಯನದಿಂದ ಆರಂಭವಾದ ಕೆಲಸ ಆರ್-7 ಎಂಬ ಖಂಡಾಂತರ ಕ್ಷಿಪಣಿಯಲ್ಲಿ ಫಲಿಸಿತು. ಅದರ ಉದ್ದೇಶ ಪರಮಾಣು ಸಿಡಿತಲೆಯನ್ನು ಒಯ್ಯುವುದು. ಆ ಸಿಡಿತಲೆಯ ಭಾರಕ್ಕೆ ತಕ್ಕಂತೆ ರಾಕೆಟ್ಟು ಅಗಾಧವಾಗಿಯೇ ಬೆಳೆದಿತ್ತು. ಇದೇ ಭಾರವನ್ನೆತ್ತುವ ಶಕ್ತಿಯನ್ನು ಕೊರೊಲ್ಯೋವ್ ಬೇರೆ ದಿಕ್ಕಿಗೆ ತಿರುಗಿಸಿದ. 1957ರ ಅಕ್ಟೋಬರ್ 4ರಂದು 83.6 ಕಿಲೋಗ್ರಾಂ ತೂಕದ ಸ್ಪುಟ್ನಿಕ್ ಭೂಮಿಯನ್ನು ಸುತ್ತತೊಡಗಿತು. ಮರುವರ್ಷದ ಆರಂಭದಲ್ಲೇ ಆತ ಗಣಿತಜ್ಞ ಮ್ಸ್ತಿಸ್ಲಾವ್ ಕೆಲ್ಡಿಶ್‌ನೊಡನೆ ಸೇರಿ ಚಂದ್ರಯಾನದ ಪ್ರಸ್ತಾವವನ್ನು ಸರ್ಕಾರದ ಮುಂದಿಟ್ಟ. ಭೂಮಿಯ ಸೆಳೆತವನ್ನು ಮೀರಲು ಸೆಕೆಂಡಿಗೆ ಸುಮಾರು 11.2 ಕಿಲೋಮೀಟರ್ ವೇಗ ಬೇಕು. ಅದಕ್ಕಾಗಿ ಆರ್-7ರ ಮೇಲೆ ಇನ್ನೊಂದು ಹಂತವನ್ನು ಕೂಡಿಸಬೇಕಾಯಿತು. ಆ ಹಂತದ ಇಂಜಿನು ಗಾಳಿಯಿಲ್ಲದ ಶೂನ್ಯದಲ್ಲಿ ಹೊತ್ತಿಕೊಳ್ಳಬೇಕಾಗಿತ್ತು.

1958ರ ಸೆಪ್ಟೆಂಬರ್, ಅಕ್ಟೋಬರ್ ಮತ್ತು ಡಿಸೆಂಬರ್ ತಿಂಗಳುಗಳಲ್ಲಿ ಮೂರು ಪ್ರಯತ್ನಗಳು ನಡೆದವು, ಮೂರೂ ಸೋತವು. ಮೊದಲೆರಡರಲ್ಲಿ ರಾಕೆಟ್ಟು ತನ್ನ ಉದ್ದಕ್ಕೆ ಕಂಪಿಸಿ ಎರಡು ನಿಮಿಷ ತುಂಬುವ ಮೊದಲೇ ಒಡೆಯಿತು. ಮೂರನೆಯದರಲ್ಲಿ ಇಂಜಿನು ನಡುವೆಯೇ ನಿಂತಿತು. ಇವಾವುವೂ ಪತ್ರಿಕೆಗಳಲ್ಲಿ ಬರಲಿಲ್ಲ. 1959ರ ಜನವರಿ 2ರಂದು ಹೊರಟ ಲೂನಾ-1 ಚಂದ್ರನಿಗೆ ಅಪ್ಪಳಿಸಬೇಕಾಗಿತ್ತು. ಇಂಜಿನನ್ನು ನಿಲ್ಲಿಸುವ ಆಜ್ಞೆಯಲ್ಲಿ ನೆಲದ ಮೇಲೆ ಆದ ತಪ್ಪಿನಿಂದ ಅದು ಸುಮಾರು 6,000 ಕಿಲೋಮೀಟರ್ ದೂರದಿಂದ ಹಾದುಹೋಗಿ ಸೂರ್ಯನನ್ನು ಸುತ್ತುವ ಮೊದಲ ಮಾನವನಿರ್ಮಿತ ವಸ್ತುವಾಯಿತು. ಸರ್ಕಾರ ಅದನ್ನು ಹೊಸ ಗ್ರಹವೆಂದು ಸಾರಿತು. ಗುರಿ ತಪ್ಪಿದ ಸಂಗತಿಯನ್ನು ಹೇಳಲಿಲ್ಲ. ಆದರೂ ಆ ಯಾನ ಬರಿದಾಗಲಿಲ್ಲ: ಸೂರ್ಯನಿಂದ ಹೊರಹರಿಯುವ ಕಣಗಳ ಪ್ರವಾಹವನ್ನು, ಅಂದರೆ ಸೌರಮಾರುತವನ್ನು, ಅದರ ಉಪಕರಣಗಳು ನೇರವಾಗಿ ಗುರುತಿಸಿದವು.

ಅದೇ ವರ್ಷದ ಜೂನ್ ತಿಂಗಳ ಇನ್ನೊಂದು ಸೋಲಿನ ಬಳಿಕ, ಸೆಪ್ಟೆಂಬರ್ 12ರಂದು ಲೂನಾ-2 ಹೊರಟಿತು. 390 ಕಿಲೋಗ್ರಾಮಿನ ಆ ನೌಕೆ ಮಾಸ್ಕೋ ಕಾಲಮಾನದಂತೆ 14ನೆಯ ತಾರೀಖಿನ ನಡುರಾತ್ರಿ ಕಳೆದೊಡನೆ ಚಂದ್ರನನ್ನು ತಾಕಿತು. ಇನ್ನೊಂದು ಆಕಾಶಕಾಯವನ್ನು ಮನುಷ್ಯನ ಕೈಕೆಲಸ ಮುಟ್ಟಿದ್ದು ಅದೇ ಮೊದಲು. ಚಂದ್ರನಿಗೆ ಗಣನೀಯವಾದ ಕಾಂತಕ್ಷೇತ್ರವಿಲ್ಲವೆಂಬುದೂ ಆಗಲೇ ತಿಳಿಯಿತು. ಸ್ಪುಟ್ನಿಕ್‌ನ ಎರಡನೆಯ ವಾರ್ಷಿಕ ದಿನದಂದು ಹೊರಟ ಲೂನಾ-3ರ ಕೆಲಸ ಇನ್ನೂ ಸೂಕ್ಷ್ಮವಾದದ್ದು. ಚಂದ್ರ ತನ್ನ ಸುತ್ತ ತಿರುಗುವ ಅವಧಿಯೂ ಭೂಮಿಯನ್ನು ಸುತ್ತುವ ಅವಧಿಯೂ ಒಂದೇ ಆದುದರಿಂದ ಅದರ ಒಂದು ಮುಖ ನಮಗೆ ಎಂದೂ ಕಾಣದು. ಅಕ್ಟೋಬರ್ 7ರಂದು ನೌಕೆ ಆ ಮುಖದ 29 ಚಿತ್ರಗಳನ್ನು ತೆಗೆದು, ಫಿಲ್ಮನ್ನು ತನ್ನೊಳಗೇ ಸಂಸ್ಕರಿಸಿ, ಒಣಗಿಸಿ, ಬೆಳಕಿನ ಕಿರಣದಿಂದ ಗೆರೆಗೆರೆಯಾಗಿ ಓದಿ ರೇಡಿಯೋ ಮೂಲಕ ಕಳುಹಿಸಿತು. ಸಂಕೇತಗಳು ಕ್ಷೀಣವಾಗಿದ್ದುದರಿಂದ ಕೊರೊಲ್ಯೋವ್ ತಾನೇ ಕ್ರಿಮಿಯಾದ ಸಿಮೆಯಿಜ್ ಬಳಿಯ ಗ್ರಾಹಕ ಕೇಂದ್ರಕ್ಕೆ ಧಾವಿಸಿದ್ದ. ಮಸುಕಾದ ಆ ಚಿತ್ರಗಳು ಆಚೆಯ ಮುಖದ ಸುಮಾರು 70 ಪ್ರತಿಶತವನ್ನು ತೋರಿಸಿದವು. ನಮಗೆ ಪರಿಚಿತವಾದ ಕಪ್ಪು ಬಯಲುಗಳು ಅಲ್ಲಿ ತೀರ ವಿರಳವೆಂಬುದು ಹೊಸ ತಿಳಿವಳಿಕೆಯಾಗಿತ್ತು.

ಅಪ್ಪಳಿಸುವುದು ಒಂದು, ಮೆಲ್ಲಗೆ ಇಳಿಯುವುದು ಇನ್ನೊಂದು. ಗಾಳಿಯಿಲ್ಲದ ಚಂದ್ರನಲ್ಲಿ ಧುಮುಕುಕೊಡೆ ನಿರುಪಯುಕ್ತ. ಸೆಕೆಂಡಿಗೆ ಎರಡೂವರೆ ಕಿಲೋಮೀಟರಿಗೂ ಮೀರಿದ ವೇಗವನ್ನು ಇಂಜಿನಿನ ಎದುರುನೂಕಿನಿಂದಲೇ ತಗ್ಗಿಸಬೇಕು. ಚಂದ್ರನ ಮೇಲೆ ದೂಳು ಎಷ್ಟು ಆಳವಿದೆಯೋ, ಇಳಿದ ನೌಕೆ ಅದರಲ್ಲಿ ಹೂತುಹೋಗುವುದೋ ಎಂಬ ವಾದ ಅಂದು ಖಗೋಳಜ್ಞರಲ್ಲಿ ಬಿಸಿಯಾಗಿ ನಡೆದಿತ್ತು. ವಾದ ಮುಗಿಯುವವರೆಗೆ ವಿನ್ಯಾಸ ಕಾಯುವಂತಿರಲಿಲ್ಲ. ನೆಲ ಸಾಕಷ್ಟು ಗಟ್ಟಿಯೆಂದೇ ಭಾವಿಸಿ ಮುಂದುವರಿಯತಕ್ಕದ್ದೆಂದು ಕೊರೊಲ್ಯೋವ್ 1964ರಲ್ಲಿ ಬರಹದಲ್ಲಿಯೇ ದಾಖಲಿಸಿ, ತಪ್ಪಾದರೆ ಹೊಣೆ ತನ್ನದೆಂಬಂತೆ ಸಹಿ ಹಾಕಿದ. ಇಲ್ಲದ ಅಪರಾಧಕ್ಕೆ ಕೊಲಿಮಾಕ್ಕೆ ಹೋಗಿಬಂದವನು ಹಾಕಿದ ಸಹಿ ಅದು. 1963ರಿಂದ 1965ರ ಕೊನೆಯವರೆಗೆ ಹನ್ನೊಂದು ಪ್ರಯತ್ನಗಳು ಒಂದಾದಮೇಲೊಂದು ವಿಫಲವಾದವು. ಕೆಲವು ಭೂಕಕ್ಷೆಯನ್ನೇ ದಾಟಲಿಲ್ಲ; ಲೂನಾ-4 ಮತ್ತು 6 ಗುರಿ ತಪ್ಪಿದವು; ಲೂನಾ-5, 7, 8 ಚಂದ್ರನ ಮೇಲೆ ಬಿದ್ದು ನುಚ್ಚುನೂರಾದವು. 1965ರಲ್ಲಿ, ಮಾನವಸಹಿತ ಯಾನಗಳ ಭಾರದಿಂದ ಬಳಲಿದ್ದ ಆತ ಈ ಮಾನವರಹಿತ ನೌಕೆಗಳ ಕಾರ್ಯವನ್ನು ಗಿಯೋರ್ಗಿ ಬಬಾಕಿನ್‌ನ ವಿನ್ಯಾಸಾಲಯಕ್ಕೆ ಒಪ್ಪಿಸಿದ.

1966ರ ಜನವರಿ 14ರಂದು, ಐವತ್ತೊಂಬತ್ತು ತುಂಬಿದ ಎರಡೇ ದಿನಗಳಲ್ಲಿ, ಮಾಸ್ಕೋದ ಆಸ್ಪತ್ರೆಯೊಂದರಲ್ಲಿ ಶಸ್ತ್ರಚಿಕಿತ್ಸೆಯ ವೇಳೆ ಕೊರೊಲ್ಯೋವ್ ತೀರಿಕೊಂಡ. ವಿಚಾರಣೆಯ ಹಿಂಸೆಯಲ್ಲಿ ಮುರಿದಿದ್ದ ದವಡೆಯಿಂದಾಗಿ ಉಸಿರಾಟದ ನಳಿಕೆಯನ್ನು ತೂರಿಸಲು ವೈದ್ಯರಿಗೆ ಕಷ್ಟವಾಯಿತೆಂದು ಹಲವು ಜೀವನಚರಿತ್ರಕಾರರು ಬರೆದಿದ್ದಾರೆ. ಚಿತಾಭಸ್ಮವನ್ನು ಕ್ರೆಮ್ಲಿನ್ ಗೋಡೆಯಲ್ಲಿ ಇರಿಸಲಾಯಿತು. ಇಪ್ಪತ್ತು ದಿನಗಳ ತರುವಾಯ, ಫೆಬ್ರವರಿ 3ರಂದು, ಲೂನಾ-9 ಚಂದ್ರನ ಬಿರುಗಾಳಿಗಳ ಮಹಾಸಾಗರವೆಂಬ ಬಯಲಿನಲ್ಲಿ ಇಳಿಯಿತು. ಸುಮಾರು ನೂರು ಕಿಲೋಗ್ರಾಮಿನ ಗೋಳ ಗಾಳಿಚೀಲಗಳ ರಕ್ಷಣೆಯಲ್ಲಿ ನೆಲದ ಮೇಲೆ ಪುಟಿದು, ನಿಂತು, ದಳಗಳನ್ನು ಬಿಚ್ಚಿ, ಕಲ್ಲುಗಳಿಂದ ಕೂಡಿದ ನೆಲದ ಚಿತ್ರವನ್ನು ಕಳುಹಿಸಿತು. ಅದು ದೂಳಿನಲ್ಲಿ ಮುಳುಗಲಿಲ್ಲ. ಸಹಿ ಹಾಕಿದವನ ಊಹೆ ನಿಜವಾಗಿತ್ತು. ಅದನ್ನು ಕೇಳಲು ಆತನಿರಲಿಲ್ಲ.

ಬೆಂಗಳೂರಿನಲ್ಲಿ ನಿರ್ಮಾಣವಾದ ಐಆರ್‌ಎಸ್-1ಎ ಉಪಗ್ರಹವನ್ನು 1988ರ ಮಾರ್ಚ್ 17ರಂದು ಬೈಕನೂರಿನಿಂದ ಕಕ್ಷೆಗೆ ಒಯ್ದ ವೋಸ್ಟೋಕ್ ರಾಕೆಟ್ಟು ಕೊರೊಲ್ಯೋವ್‌ನ ಆರ್-7ರ ವಂಶಕ್ಕೇ ಸೇರಿದ್ದು. ಆ ವೇಳೆಗೆ ಮುಚ್ಚಿಟ್ಟ ಕಡತಗಳು ಒಂದೊಂದಾಗಿ ತೆರೆದುಕೊಳ್ಳುವ ಕಾಲ ಸಮೀಪಿಸಿತ್ತು. ಕಡತಗಳು ತೆರೆದಾಗ ಹೊರಬಂದ ಸೋಲುಗಳ ಪಟ್ಟಿ ಆತನ ಕೀರ್ತಿಯನ್ನು ಕುಗ್ಗಿಸಲಿಲ್ಲ. ಗೆಲುವುಗಳನ್ನಷ್ಟೇ ಕಂಡಿದ್ದ ಲೋಕಕ್ಕೆ ಆತ ಒಬ್ಬ ಮಾಂತ್ರಿಕನಂತೆ ತೋರಿದ್ದ. ಸೋಲುಗಳನ್ನೂ ಕಂಡ ಮೇಲೆ ದುಡಿದು, ದಣಿದು, ತಪ್ಪನ್ನು ತಿದ್ದಿ ಮತ್ತೆ ಹೊರಟ ಮನುಷ್ಯನಾಗಿ ಹತ್ತಿರನಾದ. ಸೋವಿಯತ್ ಪ್ರಚಾರ ತಾನು ಕಾಪಾಡುತ್ತಿದ್ದೇನೆಂದು ಭಾವಿಸಿದ್ದ ಗೌರವವನ್ನೇ ಆತನಿಂದ ಕಸಿದುಕೊಂಡಿತ್ತು. ಆತ ದುಡಿದ ಪಟ್ಟಣಕ್ಕೆ 1996ರಲ್ಲಿ ಕೊರೊಲ್ಯೋವ್ ಎಂಬ ಹೆಸರನ್ನು ಇಡಲಾಯಿತು. ಚಂದ್ರನ ಮೇಲೆಯೂ ಆತನ ಹೆಸರಿನ ಒಂದು ವಿಶಾಲ ಕುಳಿಯಿದೆ. ಅದು ಇರುವುದು ಆಚೆಯ ಮುಖದಲ್ಲಿ. ಭೂಮಿಯಿಂದ ನೋಡುವವರಿಗೆ ಕಾಣುವುದಿಲ್ಲ.