ತಪ್ಪೊಪ್ಪಿಕೊಂಡ ಬೇಟೆಗಾರ: ಆಲ್ಡೋ ಲಿಯೋಪೋಲ್ಡ್

ನಮ್ಮ ಕೋಡ್‌ನಲ್ಲಿ ತಪ್ಪಿದ್ರೆ ಕಂಪೈಲರ್ ಕೂಡಲೇ ಹೇಳಿಬಿಡುತ್ತೆ. ಲ್ಯಾಬ್‌ನಲ್ಲಿ ವೈರ್ ಅದಲುಬದಲಾದ್ರೆ ಹೊಗೆಯೇ ಬಂದು ಹೇಳುತ್ತೆ. ಆದರೆ ಕಾಡಿನಲ್ಲಿ ಮಾಡಿದ ತಪ್ಪು? ಅದು ಕಣ್ಣಿಗೆ ಬೀಳೋಕೆ ಇಪ್ಪತ್ತು, ಮೂವತ್ತು ವರ್ಷ ಬೇಕು. ಅಷ್ಟರಲ್ಲಿ ತಪ್ಪು ಮಾಡಿದವರು ದೊಡ್ಡ ಹೆಸರು ಗಳಿಸಿರ್ತಾರೆ, ಒಪ್ಪಿಕೊಳ್ಳೋದು ಇನ್ನೂ ಕಷ್ಟವಾಗಿರುತ್ತೆ. ಆ ಕಷ್ಟದ ಕೆಲಸ ಮಾಡಿದ ಒಬ್ಬರ ಕಥೆ ಇದು.

ಆಲ್ಡೋ ಲಿಯೋಪೋಲ್ಡ್ ಹುಟ್ಟಿದ್ದು 1887ರ ಜನವರಿ 11ರಂದು, ಅಮೆರಿಕದ ಅಯೋವಾ ರಾಜ್ಯದ ಬರ್ಲಿಂಗ್ಟನ್ ಊರಿನಲ್ಲಿ. ಮನೆಯ ಕೆಳಗೇ ಮಿಸಿಸಿಪ್ಪಿ ನದಿ. ತಂದೆಯದು ಮೇಜು ತಯಾರಿಸುವ ಉದ್ಯಮ. ಆದರೆ ಅವರ ಮನಸ್ಸೆಲ್ಲ ಬೇಟೆ ಮತ್ತು ಹಕ್ಕಿಗಳ ಮೇಲೆ. ಮಗನಿಗೂ ಅದೇ ಹುಚ್ಚು ಹತ್ತಿತು. 1909ರಲ್ಲಿ ಯೇಲ್ ವಿಶ್ವವಿದ್ಯಾಲಯದಿಂದ ಅರಣ್ಯಶಾಸ್ತ್ರದಲ್ಲಿ ಪದವಿ ಪಡೆದು, ಅದೇ ವರ್ಷ ಅರಣ್ಯ ಇಲಾಖೆಗೆ ಸೇರಿ ಅರಿಜೋನಾದ ಅಪಾಚೆ ಅರಣ್ಯಕ್ಕೆ ಹೋದರು. ಆಗ ವಯಸ್ಸು 22.

ಅಲ್ಲಿ ಒಂದು ದಿನ ಬಂಡೆಯ ಮೇಲೆ ಕೂತು ಊಟ ಮಾಡುತ್ತಿದ್ದಾಗ ಕೆಳಗೆ ಹೊಳೆ ದಾಟುತ್ತಿದ್ದ ತಾಯಿತೋಳವೊಂದು ಕಂಡಿತು, ಜೊತೆಗೆ ಬೆಳೆದ ಮರಿಗಳು. ತೋಳ ಕಂಡರೆ ಗುಂಡು ಹಾರಿಸಬೇಕು, ಅಷ್ಟೇ. ಆ ಕಾಲದಲ್ಲಿ ಬೇರೆ ಯೋಚನೆಯೇ ಇರಲಿಲ್ಲ. ಲಿಯೋಪೋಲ್ಡ್ ಮತ್ತು ಜೊತೆಗಾರರು ಬಂದೂಕು ಖಾಲಿ ಮಾಡಿದರು. ಕೆಳಗಿಳಿದು ಹೋದಾಗ ತಾಯಿತೋಳಕ್ಕೆ ಇನ್ನೂ ಜೀವ ಇತ್ತು. ಅದರ ಕಣ್ಣಿನ ಹಸಿರು ಹೊಳಪು ಆರುವುದನ್ನು ಅವರು ನಿಂತು ನೋಡಿದರು.

ಆ ಕ್ಷಣವೇ ಅವರು ಬದಲಾದರು ಅಂದುಕೊಂಡ್ರಾ? ಇಲ್ಲ. ಮುಂದಿನ ಹಲವು ವರ್ಷ ನ್ಯೂ ಮೆಕ್ಸಿಕೋದಲ್ಲಿ ತೋಳಗಳನ್ನು ಪೂರ್ತಿ ನಿರ್ನಾಮ ಮಾಡಬೇಕು ಅಂತ ಪ್ರಚಾರ ಮಾಡಿದವರೂ ಇದೇ ಲಿಯೋಪೋಲ್ಡ್. ಲೆಕ್ಕ ಬಹಳ ಸರಳವಾಗಿತ್ತು: ತೋಳ ಕಡಿಮೆಯಾದಷ್ಟೂ ಜಿಂಕೆ ಹೆಚ್ಚು, ತೋಳವೇ ಇಲ್ಲವಾದರೆ ಬೇಟೆಗಾರರಿಗೆ ಹಬ್ಬ.

ಲೆಕ್ಕ ತಪ್ಪಿತ್ತು. ಅರಿಜೋನಾದ ಕೈಬಾಬ್ ಪ್ರಸ್ಥಭೂಮಿಯಲ್ಲಿ ತೋಳ, ಪೂಮಾಗಳನ್ನು ಕೊಂದ ಮೇಲೆ ಜಿಂಕೆಗಳು ಮಿತಿಮೀರಿದವು. ಚಿಗುರು, ಸಸಿ, ಎಳೆಗಿಡ ಎಲ್ಲ ಮೇಯ್ದು ಮುಗಿಸಿ, 1920ರ ದಶಕದಲ್ಲಿ ಸಾವಿರಾರು ಜಿಂಕೆಗಳು ಹಸಿವಿನಿಂದಲೇ ಸತ್ತವು. ಗಿಡ ಹೋದ ಗುಡ್ಡದಲ್ಲಿ ಮಣ್ಣು ನಿಲ್ಲುತ್ತದೆಯೇ? ಒಂದು ಭಾಗವನ್ನು ಕಿತ್ತರೆ ಇಡೀ ವ್ಯವಸ್ಥೆಯೇ ಕುಸಿಯಬಹುದು ಅನ್ನೋದು ಲಿಯೋಪೋಲ್ಡ್ ಅವರಿಗೆ ನಿಧಾನವಾಗಿ ಅರ್ಥವಾಗತೊಡಗಿತು.

ಈ ನಡುವೆ 1924ರಲ್ಲಿ, ಅವರ ಪ್ರಯತ್ನದಿಂದಲೇ, ನ್ಯೂ ಮೆಕ್ಸಿಕೋದ ಗೀಲಾ ಅರಣ್ಯದಲ್ಲಿ 7 ಲಕ್ಷ ಎಕರೆಗೂ ಹೆಚ್ಚು ಪ್ರದೇಶವನ್ನು ರಸ್ತೆಗಳಿಲ್ಲದ ಕಾಡಾಗಿಯೇ ಉಳಿಸಲು ಸರ್ಕಾರ ಒಪ್ಪಿತು. ಅಮೆರಿಕದಲ್ಲಿ ಅಂಥದ್ದು ಅದೇ ಮೊದಲು. ಅದೇ ವರ್ಷ ಅವರು ವಿಸ್ಕಾನ್ಸಿನ್ ರಾಜ್ಯಕ್ಕೆ ಬಂದರು. 1933ರಲ್ಲಿ ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾದರು.

1935ರಲ್ಲಿ ಅವರು ವಿಸ್ಕಾನ್ಸಿನ್ ನದಿ ಪಕ್ಕದಲ್ಲಿ ಒಂದು ಜಮೀನು ಕೊಂಡರು. ಬೇಸಾಯ ಮಾಡಿ ಮಾಡಿ ಸತ್ವ ಕಳೆದುಕೊಂಡ ಮರಳು ನೆಲ. ಅಲ್ಲಿ ಉಳಿದಿದ್ದ ಕಟ್ಟಡ ಅಂದರೆ ಒಂದು ಕೋಳಿಗೂಡು! ಅದನ್ನೇ ತೊಳೆದು ರಿಪೇರಿ ಮಾಡಿ, ಹೆಂಡತಿ ಎಸ್ಟೆಲಾ ಮತ್ತು ಐವರು ಮಕ್ಕಳ ಜೊತೆ ವಾರಾಂತ್ಯಕ್ಕೆ ಉಳಿಯತೊಡಗಿದರು. 1936ರಲ್ಲಿ ನೆಟ್ಟ ಪೈನ್ ಸಸಿಗಳಲ್ಲಿ ಹೆಚ್ಚಿನವು ಬರಗಾಲಕ್ಕೆ ಒಣಗಿಹೋದವು. ಮರುವರ್ಷ ಮತ್ತೆ ನೆಟ್ಟರು, ಅದರ ಮರುವರ್ಷವೂ ನೆಟ್ಟರು. ಯಾವ ಹೂವು ಯಾವತ್ತು ಅರಳಿತು, ಯಾವ ಹಕ್ಕಿ ಯಾವತ್ತು ಬಂತು ಅಂತ ಪ್ರತಿ ವರ್ಷ ಬರೆದಿಟ್ಟರು. ಹವಾಮಾನ ಬದಲಾವಣೆಯ ಅಧ್ಯಯನಕ್ಕೆ ಆ ಟಿಪ್ಪಣಿಗಳು ಮುಂದೆ ಆಧಾರವಾದವು. ಸಸಿ ನೆಟ್ಟ ಮಕ್ಕಳಲ್ಲಿ ಒಬ್ಬರಾದ ಲೂನಾ ಸಿವಿಲ್ ಎಂಜಿನಿಯರಿಂಗ್ ಓದಿ, ನದಿಗಳ ಬಗ್ಗೆ ಜಗತ್ತೇ ಗೌರವಿಸುವ ತಜ್ಞರಾದರು. ನಮ್ಮ ಸಿವಿಲ್ ಬ್ರಾಂಚಿನವರು ಗಮನಿಸಿ!

1940ರ ದಶಕದಲ್ಲಿ ವಿಸ್ಕಾನ್ಸಿನ್‌ನಲ್ಲೂ ಜಿಂಕೆಗಳು ಮಿತಿಮೀರಿದಾಗ ಅವುಗಳ ಸಂಖ್ಯೆ ಇಳಿಸಬೇಕು ಎಂದು ಹೇಳಿ ಲಿಯೋಪೋಲ್ಡ್ ಜನರ ಸಿಟ್ಟಿಗೆ ಗುರಿಯಾದರು. ಅದೇ ಹೊತ್ತಿಗೆ ಅವರ ಪ್ರಬಂಧಗಳ ಕರಡು ಓದುತ್ತಿದ್ದ ಹಳೆಯ ವಿದ್ಯಾರ್ಥಿ ಆಲ್ಬರ್ಟ್ ಹಾಕ್‌ಬಾಮ್ ಒಂದು ಮಾತು ಎತ್ತಿದರು: ಮೇಷ್ಟ್ರು ಬೇರೆಯವರ ತಪ್ಪುಗಳನ್ನು ಬರೆಯುತ್ತಾರೆ, ತಾವೂ ಆ ದಾರಿಯಲ್ಲೇ ನಡೆದು ಬಂದವರು ಅನ್ನೋದನ್ನು ಯಾಕೆ ಬರೆಯಬಾರದು? ಶಿಷ್ಯನ ಮಾತಿಗೆ ಗುರು ಮುನಿಸಿಕೊಳ್ಳಲಿಲ್ಲ. 1944ರಲ್ಲಿ ಕೂತು, 35 ವರ್ಷ ಹಿಂದಿನ ಆ ತೋಳದ ಸಾವನ್ನು ಬರೆದರು. ಗುಂಡು ಹಾರಿಸಿದವನು ನಾನೇ ಅಂತ ಒಪ್ಪಿಕೊಂಡರು.

1948ರ ಏಪ್ರಿಲ್‌ನಲ್ಲಿ ಪ್ರಕಾಶಕರು ಪುಸ್ತಕವನ್ನು ಒಪ್ಪಿಕೊಂಡರು. ಒಂದು ವಾರದ ನಂತರ, 21ರಂದು, ಪಕ್ಕದ ಜಮೀನಿನ ಹುಲ್ಲಿಗೆ ಬೆಂಕಿ ಬಿತ್ತು. ಆರಿಸಲು ಓಡಿದ ಲಿಯೋಪೋಲ್ಡ್ ಅಲ್ಲೇ ಹೃದಯಾಘಾತದಿಂದ ತೀರಿಕೊಂಡರು. 1949ರಲ್ಲಿ ಬಂದ ಆ ಪುಸ್ತಕವೇ ಎ ಸ್ಯಾಂಡ್ ಕೌಂಟಿ ಅಲ್ಮನಾಕ್. ಮಣ್ಣು, ನೀರು, ಗಿಡ, ಪ್ರಾಣಿ ಎಲ್ಲವೂ ಸೇರಿ ಒಂದು ಸಮುದಾಯ. ಮನುಷ್ಯ ಅದರ ಯಜಮಾನನಲ್ಲ, ಒಬ್ಬ ಸದಸ್ಯ ಮಾತ್ರ ಎಂಬ ಅವರ ಭೂನೀತಿ ಅದರ ತಿರುಳು.

1998ರಲ್ಲಿ ಅದೇ ಅಪಾಚೆ ಅರಣ್ಯಕ್ಕೆ ಮೆಕ್ಸಿಕನ್ ತೋಳಗಳನ್ನು ಮತ್ತೆ ತಂದು ಬಿಟ್ಟರು. ಗುಂಡು ಹಾರಿ ಆಗ 89 ವರ್ಷ. ತಪ್ಪನ್ನು ತಿದ್ದೋಕೆ ಅಷ್ಟು ಕಾಲ ಹಿಡಿಯಿತು; ಆದರೆ ತಿದ್ದುವ ಕೆಲಸ ಶುರುವಾಗಿದ್ದು, ಯಾರೋ ಒಬ್ಬರು ತಮ್ಮ ಲೆಕ್ಕ ತಪ್ಪಿತ್ತು ಅಂತ ಬರೆದಿಟ್ಟಾಗ.